ಒತ್ತಡದ ಹಾರ್ಮೋನುಗಳಿಂದ ಅಡ್ರಿನಲ್ ಗ್ರಂಥಿಯ ಜೀನ್‌ಗಳು ಬದಲಾಗುತ್ತವೆಯೇ?

ಸಪ್ತಾಪುರದ ಅಣ್ಣ:

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಕೆಎಎಸ್ ಪರೀಕ್ಷೆಗೆ ಓದುತ್ತಿದ್ದಾಳೆ. ಕೆಲವು ತಿಂಗಳುಗಳಿಂದ ಅವಳಿಗೆ ನಿದ್ದೆ ಸರಿಯಾಗಿ ಬರುತ್ತಿಲ್ಲ, ಪರೀಕ್ಷೆಯ ದಿನಾಂಕದ ಸುದ್ದಿ ಕಿವಿಗೆ ಬಿದ್ದರೆ ಸಾಕು ಎದೆ ಡವಡವ ಎನ್ನುತ್ತದೆ, ಬೆಳಗ್ಗೆ ಏಳುವಾಗಲೇ ಸುಸ್ತು. ಪರಿಚಯದವರೊಬ್ಬರು ಇದನ್ನು ಕೇಳಿ, ಅವಳ ಅಡ್ರಿನಲ್ ಗ್ರಂಥಿ ದಣಿದಿದೆಯೆಂದೂ, ಒತ್ತಡದಿಂದ ಅದರ ಜೀನ್‌ಗಳೇ ಬದಲಾಗಿವೆಯೆಂದೂ, ತಾವು ಕೊಡುವ ಪುಡಿಯನ್ನು ಕೆಲವು ತಿಂಗಳು ತೆಗೆದುಕೊಂಡರೆ ಅವು ಮೊದಲಿನಂತಾಗುತ್ತವೆಯೆಂದೂ ಹೇಳಿದ್ದಾರೆ. ಪುಡಿಯ ವಿಷಯ ಹಾಗಿರಲಿ. ಒತ್ತಡದಿಂದ ಜೀನ್ ಬದಲಾಗುತ್ತದೆಯೆಂಬ ಮಾತಿನಲ್ಲಿ ಎಷ್ಟು ಸತ್ಯವಿದೆ, ಬದಲಾದರೆ ಅದು ಮತ್ತೆ ಸರಿಹೋಗುತ್ತದೆಯೇ ಎಂಬುದನ್ನು ತಿಳಿದವರು ಬಿಡಿಸಿ ಬರೆಯಬೇಕೆಂದು ಕೋರುತ್ತೇನೆ. ನಾನು ಓದಿದ್ದು ಬಿ.ಕಾಂ., ಆದರೂ ಸಾವಧಾನವಾಗಿ ಓದುತ್ತೇನೆ.

ಪ್ರಾಣಿಶಾಸ್ತ್ರ ಬೋಧಕ, ಧಾರವಾಡ:

ನಿಮ್ಮ ಪರಿಚಯದವರ ಮಾತಿನಲ್ಲಿ ಸತ್ಯದ ಒಂದು ಎಳೆ ಇದೆ. ಆ ಎಳೆಯನ್ನು ಮಾತ್ರ ಬಿಡಿಸಿಕೊಂಡು ಉಳಿದದ್ದನ್ನು ಬಿಟ್ಟುಬಿಡಬಹುದು. ಡಿಎನ್‌ಎಯಲ್ಲಿರುವ ಜೀನ್‌ನ ಅಕ್ಷರಗಳು ಪರೀಕ್ಷೆಯ ಚಿಂತೆಯಿಂದ ಬದಲಾಗುವುದಿಲ್ಲ. ಆ ಜೀನನ್ನು ಜೀವಕೋಶವು ಎಷ್ಟು ಸಲ ಓದುತ್ತದೆ, ಓದಿ ಎಷ್ಟು ಸಂದೇಶವಾಹಕ ಆರ್‌ಎನ್‌ಎ ನಕಲುಗಳನ್ನು ತೆಗೆಯುತ್ತದೆ, ಆ ನಕಲುಗಳಿಂದ ಎಷ್ಟು ಪ್ರೋಟೀನು ತಯಾರಾಗುತ್ತದೆ ಎಂಬ ಪ್ರಮಾಣ ಮಾತ್ರ ಏರಿಳಿಯುತ್ತದೆ. ಇದಕ್ಕೆ ಜೀನ್ ಅಭಿವ್ಯಕ್ತಿ ಎನ್ನುತ್ತಾರೆ. ಅಡ್ರಿನಲ್ ಗ್ರಂಥಿಯಲ್ಲಿ ಈ ಏರಿಳಿತ ಪ್ರತಿದಿನ, ಪ್ರತಿ ಗಂಟೆಯೂ ನಡೆಯುತ್ತಿರುತ್ತದೆ, ಆರೋಗ್ಯವಂತರಲ್ಲಿಯೂ ನಡೆಯುತ್ತದೆ.

ಎರಡು ಮೂತ್ರಪಿಂಡಗಳ ನೆತ್ತಿಯ ಮೇಲೆ ಒಂದೊಂದರಂತೆ ಕುಳಿತಿರುವ ಈ ಗ್ರಂಥಿಗಳು ವಯಸ್ಕರಲ್ಲಿ ತಲಾ 4ರಿಂದ 5 ಗ್ರಾಂ ತೂಗುತ್ತವೆ. ಹೊರಭಾಗವಾದ ಕಾರ್ಟೆಕ್ಸ್ ಮತ್ತು ಒಳತಿರುಳಾದ ಮೆಡುಲ್ಲಾ ಭ್ರೂಣದಲ್ಲಿ ಬೇರೆ ಬೇರೆ ಮೂಲದಿಂದ ಬಂದು ಒಂದೇ ಕವಚದೊಳಗೆ ಸೇರಿಕೊಂಡಿವೆ. ಕಾರ್ಟೆಕ್ಸ್‌ನ ಅತಿ ಹೊರಗಿನ ಪದರ ಆಲ್ಡೋಸ್ಟಿರೋನನ್ನೂ, ನಡುವಿನ ದಪ್ಪ ಪದರ ಕಾರ್ಟಿಸಾಲನ್ನೂ, ಒಳಪದರ ಡಿಎಚ್‌ಇಎ ಮುಂತಾದವನ್ನೂ ತಯಾರಿಸುತ್ತವೆ. ತಿರುಳಿನಲ್ಲಿ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ತಯಾರಾಗುತ್ತವೆ.

ಮೆದುಳು ಅಪಾಯವನ್ನು ಗುರುತಿಸಿದಾಗ ಮೆದುಳಿನ ತಳಭಾಗದ ಹೈಪೋಥಲಾಮಸ್‌ನಿಂದ ಸಿಆರ್‌ಎಚ್ ಎಂಬ ಹಾರ್ಮೋನು, ಅದರ ಪ್ರೇರಣೆಯಿಂದ ಕೆಳಗಿನ ಪಿಟ್ಯುಟರಿ ಗ್ರಂಥಿಯಿಂದ ಎಸಿಟಿಎಚ್ ಎಂಬ ಹಾರ್ಮೋನು ಹೊರಡುತ್ತದೆ. ಎಸಿಟಿಎಚ್ ರಕ್ತದ ಮೂಲಕ ಕಾರ್ಟೆಕ್ಸ್‌ನ ನಡುಪದರದ ಕೋಶಗಳಿಗೆ ಬಂದು, ಎಂಸಿ2ಆರ್ ಎಂಬ ಗ್ರಾಹಕಕ್ಕೆ (ಹಾರ್ಮೋನನ್ನು ಹಿಡಿಯುವ ಪ್ರೋಟೀನಿಗೆ) ಅಂಟಿಕೊಳ್ಳುತ್ತದೆ. ಕೋಶದೊಳಗೆ ಸೈಕ್ಲಿಕ್ ಎಎಂಪಿ ಎಂಬ ಸಂದೇಶವಾಹಕ ಅಣು ಹೆಚ್ಚುತ್ತದೆ, ಪ್ರೋಟೀನ್ ಕೈನೇಸ್ ಎ ಎಂಬ ಕಿಣ್ವ ಚುರುಕಾಗುತ್ತದೆ. ಇಲ್ಲಿಂದ ಮುಂದೆ ಕೆಲಸ ಎರಡು ವೇಗದಲ್ಲಿ ಸಾಗುತ್ತದೆ ಎಂಬುದನ್ನು ದಯವಿಟ್ಟು ಗಮನಿಸಿ, ಏಕೆಂದರೆ ಹೆಚ್ಚಿನ ಗೊಂದಲ ಹುಟ್ಟುವುದು ಇಲ್ಲಿಯೇ.

ಕಾರ್ಟಿಸಾಲನ್ನು ಗ್ರಂಥಿ ಕೂಡಿಟ್ಟುಕೊಳ್ಳುವುದಿಲ್ಲ, ಬೇಕಾದಾಗ ಆಗಲೇ ತಯಾರಿಸುತ್ತದೆ. ಕಚ್ಚಾಮಾಲು ಕೊಲೆಸ್ಟ್ರಾಲ್. ಅದನ್ನು ಮೈಟೋಕಾಂಡ್ರಿಯದ ಒಳಪೊರೆಗೆ ದಾಟಿಸಿಕೊಡುವ ಪ್ರೋಟೀನಿಗೆ ಸ್ಟಾರ್ ಎಂದು ಹೆಸರು. ಅದು ಪತ್ತೆಯಾದದ್ದು 1994ರಲ್ಲಿ. ಇಡೀ ತಯಾರಿಕೆಯ ವೇಗ ಈ ದಾಟಿಸುವ ಹಂತದ ಮೇಲೆಯೇ ನಿಂತಿದೆ. ಎಸಿಟಿಎಚ್ ಬಂದ ಕೆಲವೇ ನಿಮಿಷಗಳಲ್ಲಿ ಇದ್ದ ಸ್ಟಾರ್ ಪ್ರೋಟೀನು ಚುರುಕಾಗಿ ಕಾರ್ಟಿಸಾಲ್ ಹರಿಯತೊಡಗುತ್ತದೆ. ಇದು ಮೊದಲ ವೇಗ. ಅದೇ ಹೊತ್ತಿಗೆ ಕೋಶಕೇಂದ್ರದಲ್ಲಿ ಸಿಆರ್‌ಇಬಿ, ಎಸ್‌ಎಫ್-1 ಮುಂತಾದ ನಿಯಂತ್ರಕ ಪ್ರೋಟೀನುಗಳು ಸ್ಟಾರ್ ಜೀನನ್ನೂ, ಕಾರ್ಟಿಸಾಲ್ ತಯಾರಿಕೆಯ ಕಿಣ್ವಗಳಾದ ಸಿವೈಪಿ11ಎ1, ಸಿವೈಪಿ17ಎ1, ಸಿವೈಪಿ11ಬಿ1 ಇವುಗಳ ಜೀನ್‌ಗಳನ್ನೂ ಹೆಚ್ಚು ಓದಿಸುತ್ತವೆ. ಸ್ಟಾರ್‌ನ ಹೊಸ ನಕಲುಗಳು ಬಹುಬೇಗ ಕಾಣಿಸಿಕೊಳ್ಳುತ್ತವೆ, ಕಿಣ್ವಗಳ ಪ್ರಮಾಣ ಏರಲು ಗಂಟೆಗಳು ಬೇಕು. ಒತ್ತಡ ದಿನಗಟ್ಟಲೆ ಮುಂದುವರಿದರೆ ಎಸಿಟಿಎಚ್‌ನ ಪೋಷಣೆಯಿಂದ ಕೋಶಗಳೇ ಹಿಗ್ಗಿ ಗ್ರಂಥಿ ದಪ್ಪವಾಗುತ್ತದೆ. ಹಾನ್ಸ್ ಸೆಲ್ಯೆ 1936ರಲ್ಲಿ ಇಲಿಗಳಲ್ಲಿ ಗುರುತಿಸಿದ ಲಕ್ಷಣಗಳಲ್ಲಿ ಅಡ್ರಿನಲ್ ದಪ್ಪವಾಗುವುದೂ ಒಂದು. ಒತ್ತಡಕ್ಕೆ ಸಿಕ್ಕ ಗ್ರಂಥಿ ಬತ್ತಿಹೋಗುವ ಬದಲು ಬೆಳೆಯುತ್ತದೆ ಎಂಬುದು ಆಗಿನಿಂದಲೂ ತಿಳಿದಿರುವ ಸಂಗತಿ.

ನನಗೆ ಇದರಲ್ಲಿ ಅತ್ಯಂತ ಆಸಕ್ತಿಯ ವಿಷಯ ಬೇರೆ ಇದೆ. ಎಸಿಟಿಎಚ್ ಒಂದೇ ಸಮನೆ ಹರಿಯದೆ, ಸುಮಾರು ಗಂಟೆಗೊಮ್ಮೆ ಅಲೆಅಲೆಯಾಗಿ ಬರುತ್ತದೆ. ಇಲಿಗಳಿಗೆ ಎಸಿಟಿಎಚ್ಅನ್ನು ಹೀಗೆ ಅಲೆಗಳಾಗಿ ಕೊಟ್ಟಾಗ ಹಾರ್ಮೋನು ಅದೇ ಲಯದಲ್ಲಿ ಹೊರಬಂದಿತು. ಅಷ್ಟೇ ಔಷಧವನ್ನು ಎಡೆಬಿಡದೆ ಹರಿಸಿದಾಗ ಗ್ರಂಥಿ ಆ ರೀತಿ ಓಗೊಡಲಿಲ್ಲ. ಸ್ಟಾರ್ ಜೀನಿನ ನಕಲುಗಳೂ ಅಲೆಯೊಡನೆ ಏರಿ, ಅಲೆಯೊಡನೆ ಇಳಿಯುತ್ತವೆ. ಹಾಗಾಗಿ ಏರಿದ ಪ್ರಮಾಣ ಒಂದನ್ನೇ ನೋಡಿ ಗ್ರಂಥಿಯ ಸ್ಥಿತಿಯನ್ನು ಅಳೆಯಲಾಗದು. ಮತ್ತೆ ಇಳಿಯುವುದಕ್ಕೆ ಅದಕ್ಕೆ ಬಿಡುವು ಸಿಗುತ್ತಿದೆಯೇ ಎಂಬುದನ್ನೂ ನೋಡಬೇಕು.

ಎಂಎಸ್ಸಿ ವಿದ್ಯಾರ್ಥಿನಿ, ಹುಬ್ಬಳ್ಳಿ:

ಗುರುಗಳೇ, ನೀವು ವಿವರಿಸಿದ್ದು ಎಸಿಟಿಎಚ್ ಮಾಡುವ ಕೆಲಸ. ಮೂಲ ಪ್ರಶ್ನೆಯಲ್ಲಿ ಒತ್ತಡದ ಹಾರ್ಮೋನು ಎಂದರೆ ಕಾರ್ಟಿಸಾಲ್ ಎಂದೇ ಜನ ತಿಳಿಯುತ್ತಾರೆ. ಕಾರ್ಟಿಸಾಲ್ ತಾನು ಹುಟ್ಟಿದ ಗ್ರಂಥಿಯ ಜೀನ್‌ಗಳ ಮೇಲೆಯೇ ಪರಿಣಾಮ ಬೀರುತ್ತದೆಯೇ, ಅಥವಾ ಪಿಟ್ಯುಟರಿಯನ್ನು ತಡೆದು ಪರೋಕ್ಷವಾಗಿ ಮಾತ್ರ ಬೀರುತ್ತದೆಯೇ?

ಪ್ರಾಣಿಶಾಸ್ತ್ರ ಬೋಧಕ, ಧಾರವಾಡ:

ಎರಡೂ ಉಂಟು. ಪರೋಕ್ಷ ದಾರಿ ಪಠ್ಯಪುಸ್ತಕದಲ್ಲಿದೆ. ಕಾರ್ಟಿಸಾಲ್ ಕೋಶದೊಳಗೆ ಹೊಕ್ಕು, ಎಚ್‌ಎಸ್‌ಪಿ90 ಮುಂತಾದ ಪ್ರೋಟೀನುಗಳ ಜೊತೆ ಕಾದಿರುವ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕವನ್ನು (ಕಾರ್ಟಿಸಾಲ್ ಜಾತಿಯ ಹಾರ್ಮೋನುಗಳ ಗ್ರಾಹಕವನ್ನು) ಸೇರುತ್ತದೆ. ಆ ಜೋಡಿ ಕೋಶಕೇಂದ್ರಕ್ಕೆ ಹೋಗಿ ಡಿಎನ್‌ಎಯ ನಿರ್ದಿಷ್ಟ ತಾಣಗಳಿಗೆ ಅಂಟಿ ಕೆಲವು ಜೀನ್‌ಗಳನ್ನು ಏರಿಸುತ್ತದೆ, ಕೆಲವನ್ನು ಅಡಗಿಸುತ್ತದೆ. ಮನುಷ್ಯನ ಈ ಗ್ರಾಹಕದ ಜೀನನ್ನು 1985ರಲ್ಲಿ ಪ್ರತ್ಯೇಕಿಸಲಾಯಿತು. ಹೈಪೋಥಲಾಮಸ್‌ನಲ್ಲಿ ಸಿಆರ್‌ಎಚ್ ಜೀನ್, ಪಿಟ್ಯುಟರಿಯಲ್ಲಿ ಎಸಿಟಿಎಚ್‌ಗೆ ಮೂಲವಾದ ಪಿಒಎಂಸಿ ಜೀನ್ ಹೀಗೆ ಅಡಗುವುದರಿಂದ ಎಸಿಟಿಎಚ್ ಇಳಿಯುತ್ತದೆ, ಕಾರ್ಟೆಕ್ಸ್ ಶಾಂತವಾಗುತ್ತದೆ. ಇದೇ ಗ್ರಾಹಕ ಎಫ್‌ಕೆಬಿಪಿ5 ಎಂಬ ಜೀನನ್ನು ಏರಿಸುತ್ತದೆ. ಅದರಿಂದ ಬಂದ ಪ್ರೋಟೀನು ಗ್ರಾಹಕದ ಸೂಕ್ಷ್ಮತೆಯನ್ನೇ ತಗ್ಗಿಸುತ್ತದೆ. ತನ್ನ ಸದ್ದನ್ನು ತಾನೇ ತಗ್ಗಿಸುವ ವ್ಯವಸ್ಥೆ ಒಂದೊಂದು ಕೋಶದೊಳಗೂ ಇದೆ.

ನೇರ ದಾರಿ ಇದಕ್ಕಿಂತ ಸೊಗಸಾಗಿದೆ, ಅದು ಗ್ರಂಥಿಯ ತಿರುಳಿನಲ್ಲಿದೆ. ತಿರುಳಿನ ಕ್ರೋಮಾಫಿನ್ ಎಂಬ ಕೋಶಗಳು ಟೈರೋಸಿನ್ ಎಂಬ ಅಮೈನೋ ಆಮ್ಲದಿಂದ ಹೊರಟು, ಡೋಪಮಿನ್ ದಾಟಿ ನಾರ್‌ಅಡ್ರಿನಲಿನ್ ವರೆಗೆ ಬರುತ್ತವೆ. ಅದನ್ನು ಅಡ್ರಿನಲಿನ್ ಆಗಿಸುವ ಕೊನೆಯ ಕಿಣ್ವ ಪಿಎನ್‌ಎಂಟಿ. ಈ ಕಿಣ್ವದ ಜೀನಿನ ನಿಯಂತ್ರಣ ಭಾಗದಲ್ಲಿ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕ ಕೂರುವ ತಾಣಗಳಿವೆ. ವರ್ಟ್‌ಮನ್ ಮತ್ತು ಆಕ್ಸೆಲ್‌ರಾಡ್ ಎಂಬ ವಿಜ್ಞಾನಿಗಳು 1960ರ ದಶಕದಲ್ಲಿ ಇಲಿಗಳ ಪಿಟ್ಯುಟರಿಯನ್ನು ತೆಗೆದಾಗ ಅಡ್ರಿನಲ್‌ನಲ್ಲಿ ಪಿಎನ್‌ಎಂಟಿಯ ಚಟುವಟಿಕೆ ಕುಸಿಯಿತು. ಎಸಿಟಿಎಚ್ ಅನ್ನು ಅಥವಾ ದೊಡ್ಡ ಪ್ರಮಾಣದಲ್ಲಿ ಡೆಕ್ಸಾಮೆಥಾಸೋನನ್ನು (ಕಾರ್ಟಿಸಾಲ್‌ನಂತೆ ಕೆಲಸ ಮಾಡುವ ಕೃತಕ ಸ್ಟೀರಾಯ್ಡ್) ಕೊಟ್ಟಾಗ ಅದು ಮರಳಿತು.

ದೊಡ್ಡ ಪ್ರಮಾಣವೇ ಏಕೆ ಬೇಕಾಯಿತು ಎಂಬುದರ ಉತ್ತರ ರಕ್ತನಾಳಗಳ ಜೋಡಣೆಯಲ್ಲಿದೆ. ಗ್ರಂಥಿಗೆ ಬಂದ ರಕ್ತದ ಹೆಚ್ಚಿನ ಪಾಲು ಮೊದಲು ಕಾರ್ಟೆಕ್ಸ್‌ನಲ್ಲಿ ಹರಿದು, ಅಲ್ಲಿ ಆಗಷ್ಟೇ ತಯಾರಾದ ಕಾರ್ಟಿಸಾಲನ್ನು ತುಂಬಿಕೊಂಡು ತಿರುಳಿಗೆ ಇಳಿಯುತ್ತದೆ. ನರಗುಂದ, ನವಲಗುಂದದ ಕಡೆಯವರಿಗೆ ಹೇಳುವುದಾದರೆ, ಮಲಪ್ರಭಾ ಕಾಲುವೆಯ ತಲೆಭಾಗದ ಹೊಲಕ್ಕೂ ಕೊನೆಭಾಗದ ಹೊಲಕ್ಕೂ ಬರುವ ನೀರಿನಲ್ಲಿ ಇರುವಷ್ಟೇ ಅಂತರ ಇಲ್ಲಿದೆ. ತಿರುಳಿಗೆ ದೊರೆಯುವ ಕಾರ್ಟಿಸಾಲ್ ಉಳಿದ ದೇಹಕ್ಕೆ ಸಿಗುವುದಕ್ಕಿಂತ ಅನೇಕ ಪಟ್ಟು ಹೆಚ್ಚು, ಮತ್ತು ಪಿಎನ್‌ಎಂಟಿ ಜೀನ್ ಅಂಥ ಸಾಂದ್ರತೆಗೇ ಹೊಂದಿಕೊಂಡಿದೆ. ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕವೇ ಇಲ್ಲದಂತೆ ಮಾಡಿದ ಇಲಿಮರಿಗಳಲ್ಲಿ ಕ್ರೋಮಾಫಿನ್ ಕೋಶಗಳು ರೂಪುಗೊಳ್ಳುತ್ತವೆ, ಆದರೆ ಪಿಎನ್‌ಎಂಟಿ ಮಾತ್ರ ಇರುವುದಿಲ್ಲ.

ಪಶುವೈದ್ಯ, ಹಾವೇರಿ:

ಸರ್ ಹೇಳಿದ್ದನ್ನು ಕಣ್ಣಾರೆ ನೋಡಬೇಕೆಂದರೆ ಕುರಿ, ಆಡು ಅಥವಾ ದನದ ಅಡ್ರಿನಲ್ ಸಾಕು. ಮೂತ್ರಪಿಂಡದ ಹತ್ತಿರದ ಕೊಬ್ಬನ್ನು ಬೆರಳಿನಿಂದ ಬಿಡಿಸಿದರೆ ಗಟ್ಟಿಯಾದ ಸಣ್ಣ ಗ್ರಂಥಿ ಸಿಗುತ್ತದೆ. ಹರಿತವಾದ ಬ್ಲೇಡಿನಿಂದ ಅಡ್ಡಕ್ಕೆ ಕೊಯ್ದರೆ ಹೊರಗೆ ಹಳದಿ ಬಣ್ಣದ ಅಂಚು, ಒಳಗೆ ಬೂದುಗೆಂಪಿನ ಮೆತ್ತನೆಯ ತಿರುಳು ಕಾಣುತ್ತದೆ. ಹಳದಿಗೆ ಕಾರಣ ಕೋಶಗಳಲ್ಲಿ ತುಂಬಿರುವ ಕೊಬ್ಬಿನಂಶ, ಅಂದರೆ ಕಾರ್ಟಿಸಾಲ್‌ನ ಕಚ್ಚಾಮಾಲು. ತಾಜಾ ತುಂಡನ್ನು ಪೊಟ್ಯಾಸಿಯಂ ಡೈಕ್ರೋಮೇಟ್ ದ್ರಾವಣದಲ್ಲಿ ಅದ್ದಿಟ್ಟರೆ ತಿರುಳು ಮಾತ್ರ ಕಂದುಬಣ್ಣಕ್ಕೆ ತಿರುಗುತ್ತದೆ. ಅಲ್ಲಿರುವ ಅಡ್ರಿನಲಿನ್ ಮತ್ತು ನಾರ್‌ಅಡ್ರಿನಲಿನ್ ಉತ್ಕರ್ಷಣಗೊಂಡು ಆ ಬಣ್ಣ ಬರುತ್ತದೆ. ದನಗಳಲ್ಲಿ ಇನ್ನೂ ಒಂದು ವಿಶೇಷವಿದೆ. ತಿರುಳಿನ ಹೊರವಲಯದಲ್ಲಿ, ಕಾರ್ಟೆಕ್ಸ್‌ಗೆ ತಾಗಿಕೊಂಡಂತೆ, ಅಡ್ರಿನಲಿನ್ ತಯಾರಿಸುವ ಕೋಶಗಳೂ, ಒಳವಲಯದಲ್ಲಿ ಹೆಚ್ಚಾಗಿ ನಾರ್‌ಅಡ್ರಿನಲಿನ್ ಕೋಶಗಳೂ ಇವೆ. ಕಾರ್ಟೆಕ್ಸ್‌ನ ನೆರೆಹೊರೆಯಲ್ಲಿ ಪಿಎನ್‌ಎಂಟಿ ಜೀನ್ ಹೆಚ್ಚು ಓದಿಸಿಕೊಳ್ಳುತ್ತದೆ ಎಂಬ ಮಾತಿಗೆ ಇದು ಹೊಂದುತ್ತದೆ.

ನಮ್ಮ ಜಿಲ್ಲೆಯಲ್ಲಿ ದೀಪಾವಳಿಯಿಂದ ಆರಂಭವಾಗುವ ಹೋರಿ ಬೆದರಿಸುವ ಸ್ಪರ್ಧೆಗಳ ಬಗ್ಗೆಯೂ ಇದೇ ಹಿನ್ನೆಲೆಯಲ್ಲಿ ಒಂದು ಮಾತು ಹೇಳಬೇಕೆನಿಸುತ್ತದೆ. ಕೊರಳಿಗೆ ಒಣಕೊಬ್ಬರಿ ಹಾರ ಹಾಕಿದ ಹೋರಿ ಜನರ ಕೂಗಿನ ನಡುವೆ ಅಖಾಡಕ್ಕೆ ನುಗ್ಗುವಾಗ ಅದರ ರಕ್ತಕ್ಕೆ ಸೇರುವ ಅಡ್ರಿನಲಿನ್ ಮೊದಲೇ ಕೋಶಗಳಲ್ಲಿ ಕೂಡಿಟ್ಟಿದ್ದು. ನರದ ಸಂಕೇತ ಬಂದ ಕ್ಷಣದಲ್ಲೇ ಅದು ಬಿಡುಗಡೆಯಾಗುತ್ತದೆ. ಓಟ ಮುಗಿದು, ಮಾಲೀಕರು ಮೈ ತೊಳೆದು ಕಟ್ಟಿದ ಮೇಲೆ, ಖಾಲಿಯಾದದ್ದನ್ನು ತುಂಬಿಸುವ ಕೆಲಸ ಗಂಟೆಗಟ್ಟಲೆ ನಡೆಯುತ್ತದೆ, ಜೀನ್‌ಗಳ ಪಾತ್ರ ಬರುವುದು ಆಗ. ಒಂದೇ ಹೋರಿಯನ್ನು ಇಂದು ಈ ಊರು, ನಾಳೆ ಆ ಊರು ಎಂದು ಓಡಿಸಬಾರದು, ನಡುವೆ ಸಾಕಷ್ಟು ದಿನಗಳ ವಿಶ್ರಾಂತಿ ಕೊಡಬೇಕು ಎಂದು ನಾನು ಮಾಲೀಕರಿಗೆ ಒತ್ತಿ ಹೇಳುತ್ತೇನೆ.

ಸಪ್ತಾಪುರದ ಅಣ್ಣ:

ಎಲ್ಲರಿಗೂ ಧನ್ಯವಾದಗಳು, ನಿಧಾನವಾಗಿ ಅರ್ಥವಾಗುತ್ತಿದೆ. ನನ್ನ ಮುಖ್ಯ ಆತಂಕ ಉಳಿದುಕೊಂಡಿದೆ. ಒಂದು ದಿನದ ಹೆದರಿಕೆ ಬೇರೆ, ತಿಂಗಳುಗಟ್ಟಲೆಯ ಒತ್ತಡ ಬೇರೆ. ಎರಡನೆಯದರಲ್ಲಿ ಬದಲಾವಣೆ ಶಾಶ್ವತವಾಗಿ ಉಳಿಯುತ್ತದೆಯೇ?

ಪ್ರಾಣಿಶಾಸ್ತ್ರ ಬೋಧಕ, ಧಾರವಾಡ:

ಈ ಪ್ರಶ್ನೆಗೆ ಉತ್ತರ ಹುಡುಕಲು ಬಹಳ ಕೆಲಸ ನಡೆದದ್ದು ಇಲಿಗಳ ಮೇಲೆ. ಸ್ಲೊವಾಕಿಯಾದ ಕ್ವೆಟ್ನಾನ್ಸ್ಕಿ, ಅಮೆರಿಕದ ಸಬ್ಬನ್ ಮತ್ತು ಅವರ ಸಂಗಡಿಗರು ಇಲಿಗಳನ್ನು ಎರಡು ಗಂಟೆಗಳ ಕಾಲ ಅಲುಗಾಡದಂತೆ ಹಿಡಿದಿಟ್ಟು ತಿರುಳಿನ ಜೀನ್‌ಗಳನ್ನು ಅಳೆದರು. ಇಂಥ ಒತ್ತಡ ಒಮ್ಮೆ ಮಾತ್ರ ಒದಗಿದಾಗ ಟೈರೋಸಿನ್ ಹೈಡ್ರಾಕ್ಸಿಲೇಸ್ (ಅಡ್ರಿನಲಿನ್ ತಯಾರಿಕೆಯ ಮೊದಲ ಕಿಣ್ವ) ಮತ್ತು ಪಿಎನ್‌ಎಂಟಿಯ ಆರ್‌ಎನ್‌ಎ ನಕಲುಗಳು ಕೆಲವು ಗಂಟೆಗಳಲ್ಲಿ ಏರಿ, ಸುಮಾರು ಒಂದು ದಿನದೊಳಗೆ ಇಳಿದವು. ದಿನವೂ ಪುನರಾವರ್ತಿಸಿದಾಗ ಏರಿಕೆ ಹೆಚ್ಚು ಕಾಲ ಉಳಿಯಿತು. ಒಳಗಿನ ನಿಯಂತ್ರಕ ಪ್ರೋಟೀನುಗಳೂ ಬದಲಾದವು: ಮೊದಲ ಸಲ ಸಿ-ಫಾಸ್ ಎಂಬುದು ಥಟ್ಟನೆ ಏರಿ ಇಳಿದರೆ, ಪುನರಾವರ್ತಿತ ಒತ್ತಡದಲ್ಲಿ ಫ್ರಾ-2 ಎಂಬುದು ಮುಂದೆ ಬಂದು ನಿಂತಿತು. ಅಂದರೆ ದೀರ್ಘ ಒತ್ತಡದಲ್ಲಿ ಗ್ರಂಥಿ ಹೆಚ್ಚು ಸಿದ್ಧತೆಯ ಸ್ಥಿತಿಗೆ ಹೊಂದಿಕೊಳ್ಳುತ್ತದೆ, ಆ ಸ್ಥಿತಿ ಒತ್ತಡ ನಿಂತ ಮೇಲೂ ಸ್ವಲ್ಪ ಕಾಲ ಮುಂದುವರಿಯುತ್ತದೆ. ಇದನ್ನು ದಣಿವು ಎಂದು ಕರೆಯಲು ಯಾವ ಆಧಾರವೂ ಕಾಣುವುದಿಲ್ಲ, ಶಾಶ್ವತ ಎಂದು ಕರೆಯಲೂ ಕಾಣುವುದಿಲ್ಲ.

ಪುಡಿ ಮಾರುವವರು 2004ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನವನ್ನು ತೋರಿಸಬಹುದು. ತಾಯಿಯ ಆರೈಕೆ ಕಡಿಮೆಯಾದ ಇಲಿಮರಿಗಳಲ್ಲಿ ಗ್ಲುಕೋಕಾರ್ಟಿಕಾಯ್ಡ್ ಗ್ರಾಹಕದ ಜೀನಿನ ಮೇಲೆ ಮೀಥೈಲ್ ಗುರುತುಗಳು (ಅಕ್ಷರ ಬದಲಿಸದೆ ಜೀನಿನ ಓದನ್ನು ತಗ್ಗಿಸುವ ರಾಸಾಯನಿಕ ಗುರುತುಗಳು) ದೊಡ್ಡವಾದ ಮೇಲೂ ಉಳಿದಿದ್ದವು ಎಂಬುದು ಅದರ ಸಾರ. ಅದು ಮಹತ್ವದ ಕೆಲಸವೇ ಹೌದು. ಆದರೆ ಅಲ್ಲಿ ನೋಡಿದ್ದು ಮೆದುಳಿನ ಹಿಪ್ಪೊಕ್ಯಾಂಪಸ್ ಭಾಗವನ್ನು, ಅದೂ ಹುಟ್ಟಿದ ಮೊದಲ ವಾರದ ಅನುಭವವನ್ನು. ವಯಸ್ಕ ಹೆಣ್ಣುಮಗಳ ಅಡ್ರಿನಲ್ ಗ್ರಂಥಿಯ ಬಗ್ಗೆ ಅದರಿಂದ ಏನನ್ನೂ ಹೇಳಲಾಗದು.

ಪ್ರಯೋಗಾಲಯ ತಂತ್ರಜ್ಞ, ಹುಬ್ಬಳ್ಳಿ:

ನಮ್ಮ ಕೌಂಟರಿಗೆ ಬರುವವರಿಗಾಗಿ ಸ್ವಲ್ಪ ಸೇರಿಸುತ್ತೇನೆ. ಕೋವಿಡ್ ಕಾಲದಲ್ಲಿ ಊರೂರಿಗೂ ಪರಿಚಯವಾದ ಆರ್‌ಟಿ-ಪಿಸಿಆರ್ ವಿಧಾನದಿಂದಲೇ ಜೀನ್ ಅಭಿವ್ಯಕ್ತಿಯನ್ನೂ ಅಳೆಯುತ್ತಾರೆ, ಆದರೆ ಅದಕ್ಕೆ ಆ ಅಂಗದ ತುಂಡೇ ಬೇಕು. ಬದುಕಿರುವ ಮನುಷ್ಯನ ಅಡ್ರಿನಲ್‌ನಿಂದ ಯಾರೂ ಇದಕ್ಕಾಗಿ ತುಂಡು ತೆಗೆಯುವುದಿಲ್ಲ. ರಕ್ತ ಅಥವಾ ಜೊಲ್ಲು ತೆಗೆದುಕೊಂಡು ನಿಮ್ಮ ಅಡ್ರಿನಲ್ ಜೀನ್‌ಗಳ ವರದಿ ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ. ಕಾರ್ಟಿಸಾಲ್ ಪರೀಕ್ಷೆ ಬೇರೆ, ಅದು ನಿಜವಾದ ಪರೀಕ್ಷೆ. ಅದರಲ್ಲಿಯೂ ರಕ್ತ ಕೊಟ್ಟ ಗಂಟೆಯನ್ನು ಚೀಟಿಯಲ್ಲಿ ಬರೆಯದಿದ್ದರೆ ಅಂಕಿಗೆ ಅರ್ಥವಿಲ್ಲ. ಬೆಳಗ್ಗೆ 8ರ ಸುಮಾರಿಗೆ ಮೇಲಿರುವ ಪ್ರಮಾಣ ನಡುರಾತ್ರಿಗೆ ತೀರಾ ಕೆಳಗಿಳಿದಿರುತ್ತದೆ. ಸಂಜೆ ಕೊಟ್ಟ ರಕ್ತದ ಅಂಕಿಯನ್ನು ಬೆಳಗಿನ ಅಳತೆಗೆ ಹೋಲಿಸಿ ಗಾಬರಿಯಾಗುವವರನ್ನು ನಾವು ನೋಡುತ್ತಲೇ ಇರುತ್ತೇವೆ.

ವೈದ್ಯೆ, ಗದಗ:

ಅಡ್ರಿನಲ್ ದಣಿವು ಎಂಬ ರೋಗವನ್ನು ಹಾರ್ಮೋನು ತಜ್ಞರ ಸಂಘಟನೆಗಳು ಒಪ್ಪಿಲ್ಲ. ತಂಗಿಯ ಸುಸ್ತಿಗೆ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ, ನಿದ್ದೆ ಮತ್ತು ಆತಂಕದ ಬಗ್ಗೆ ವೈದ್ಯರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡಲು ಹೇಳಿ. ಅಡ್ರಿನಲ್ ನಿಜವಾಗಿ ಸೋಲುವ ಅಡಿಸನ್ ಕಾಯಿಲೆ ಇದೆ. ಥಾಮಸ್ ಅಡಿಸನ್ 1855ರಲ್ಲಿ ಅದನ್ನು ವಿವರಿಸಿದರು, ಕ್ಷಯವೂ ಅದಕ್ಕೊಂದು ಕಾರಣ. ಅದರಲ್ಲಿ ತೂಕ ಇಳಿಯುವುದು, ಮೈ ಮತ್ತು ಒಸಡು ಕಪ್ಪಾಗುವುದು, ಎದ್ದು ನಿಂತರೆ ರಕ್ತದೊತ್ತಡ ಕುಸಿಯುವುದು, ಉಪ್ಪಿಗಾಗಿ ಆಸೆಯಾಗುವುದು ಇವೆಲ್ಲ ಕಾಣುತ್ತವೆ.

ಹುಟ್ಟಿನಿಂದಲೇ ಸಿವೈಪಿ21ಎ2 ಎಂಬ, ಕಾರ್ಟಿಸಾಲ್ ತಯಾರಿಕೆಗೆ ಬೇಕಾದ ಇನ್ನೊಂದು ಕಿಣ್ವದ ಜೀನಿನಲ್ಲಿ ದೋಷವಿರುವ ಮಕ್ಕಳನ್ನೂ ಇಲ್ಲಿ ನೆನೆಯಬೇಕು. ಅವರಲ್ಲಿ ಕಾರ್ಟಿಸಾಲ್ ತಯಾರಾಗದೆ ಎಸಿಟಿಎಚ್ ಏರಿ ಕಾರ್ಟೆಕ್ಸ್ ಊದಿಕೊಳ್ಳುತ್ತದೆ. ಮೇಲೆ ಬೋಧಕರು ಇಲಿಗಳ ಬಗ್ಗೆ ಹೇಳಿದ್ದು ಈ ಮಕ್ಕಳಲ್ಲಿ ಕಣ್ಣಿಗೆ ಕಾಣುತ್ತದೆ: ತೀವ್ರ ರೂಪದ ಕಾಯಿಲೆಯಲ್ಲಿ ತಿರುಳೂ ಸರಿಯಾಗಿ ಬೆಳೆಯದೆ ಅಡ್ರಿನಲಿನ್ ತೀರಾ ಕಡಿಮೆ ಇರುತ್ತದೆ. ಜ್ವರ ಬಂದಾಗ ಇಂಥ ಮಕ್ಕಳ ಸಕ್ಕರೆ ಇಳಿಯಬಹುದು, ಆದ್ದರಿಂದ ಅವರ ಹೈಡ್ರೋಕಾರ್ಟಿಸೋನ್ ಪ್ರಮಾಣವನ್ನು ಜ್ವರದ ದಿನಗಳಲ್ಲಿ ಹೆಚ್ಚಿಸುತ್ತೇವೆ.

ನಮ್ಮ ಭಾಗದಲ್ಲಿ ಗ್ರಂಥಿಯ ಜೀನ್‌ಗಳನ್ನು ನಿಜವಾಗಿ ಮೌನಗೊಳಿಸುತ್ತಿರುವುದು ಪರೀಕ್ಷೆಯ ಒತ್ತಡಕ್ಕಿಂತ ಹೆಚ್ಚಾಗಿ ಹೊರಗಿನಿಂದ ಬರುವ ಸ್ಟೀರಾಯ್ಡ್. ಮೊಣಕಾಲು ನೋವು, ದಮ್ಮು, ತುರಿಕೆ ಎಂದು ತಿಂಗಳುಗಟ್ಟಲೆ ಪ್ರೆಡ್ನಿಸೋಲೋನ್ ಅಥವಾ ಡೆಕ್ಸಾಮೆಥಾಸೋನ್ ನುಂಗುವವರನ್ನು ನಾನು ಹೊರರೋಗಿ ವಿಭಾಗದಲ್ಲಿ ಆಗಾಗ ನೋಡುತ್ತೇನೆ. ಕೆಲವರಿಗೆ ತಾವು ನುಂಗುತ್ತಿರುವುದು ಸ್ಟೀರಾಯ್ಡ್ ಎಂಬುದೇ ಗೊತ್ತಿರುವುದಿಲ್ಲ. ಈ ಔಷಧಿಗಳು ಪ್ರಾಣ ಉಳಿಸುವಂಥವು, ವೈದ್ಯರು ಬರೆದುಕೊಟ್ಟಾಗ ಹೆದರದೆ ತೆಗೆದುಕೊಳ್ಳಬೇಕು. ಲೆಕ್ಕವಿಲ್ಲದೆ ಮುಂದುವರಿಸಿದಾಗ ಪಿಒಎಂಸಿ ಜೀನ್ ಅಡಗಿ, ಎಸಿಟಿಎಚ್ ನಿಂತು, ನಡುಪದರದಲ್ಲಿ ಸ್ಟಾರ್ ಮತ್ತು ಕಿಣ್ವಗಳ ಜೀನ್‌ಗಳು ಓದುವವರಿಲ್ಲದೆ ಉಳಿಯುತ್ತವೆ, ಪದರವೇ ತೆಳ್ಳಗಾಗುತ್ತದೆ. ಆಲ್ಡೋಸ್ಟಿರೋನಿನ ಹೊರಪದರ ಮಾತ್ರ ಮೂತ್ರಪಿಂಡದ ರೆನಿನ್ ವ್ಯವಸ್ಥೆಯ ಆಶ್ರಯದಲ್ಲಿರುವುದರಿಂದ ಉಳಿದುಕೊಳ್ಳುತ್ತದೆ.

ಸಪ್ತಾಪುರದ ಅಣ್ಣ:

ಮೇಡಂ, ನಿಮ್ಮ ಮಾತು ಓದಿ ಕೇಳುತ್ತಿದ್ದೇನೆ. ನಮ್ಮ ತಂದೆಯವರು ಹಳ್ಳಿಯಲ್ಲಿ ಮೊಣಕಾಲು ನೋವಿಗೆಂದು ಸಣ್ಣ ಬಿಳಿ ಗುಳಿಗೆಯನ್ನು ವರ್ಷದಿಂದ ತೆಗೆದುಕೊಳ್ಳುತ್ತಿದ್ದಾರೆ, ಚೀಟಿಯಿಲ್ಲದೆ ಕೊಡುತ್ತಾರಂತೆ. ಮುಖ ಸ್ವಲ್ಪ ದುಂಡಗಾಗಿದೆ. ನಾಳೆಯೇ ನಿಲ್ಲಿಸಲು ಹೇಳಲೇ?

ವೈದ್ಯೆ, ಗದಗ:

ದಯವಿಟ್ಟು ನಾಳೆಯೇ ನಿಲ್ಲಿಸಬೇಡಿ. ಗುಳಿಗೆಯ ಪಟ್ಟಿಯನ್ನು ಹಿಡಿದುಕೊಂಡು ಈ ವಾರವೇ ತಂದೆಯವರನ್ನು ವೈದ್ಯರ ಬಳಿ ಕರೆದೊಯ್ಯಿರಿ. ಅದು ಸ್ಟೀರಾಯ್ಡ್ ಆಗಿದ್ದರೆ, ಮೂರು ನಾಲ್ಕು ವಾರ ಮೀರಿ ತೆಗೆದುಕೊಂಡ ಯಾರಲ್ಲಿಯಾದರೂ ಗ್ರಂಥಿ ಕುಗ್ಗಿರುವ ಸಾಧ್ಯತೆಯನ್ನು ನಾವು ಗಣನೆಗೆ ತೆಗೆದುಕೊಳ್ಳುತ್ತೇವೆ. ಥಟ್ಟನೆ ಬಿಟ್ಟರೆ ವಾಂತಿ, ತೀವ್ರ ನಿಶ್ಶಕ್ತಿ, ರಕ್ತದೊತ್ತಡದ ಕುಸಿತ ಉಂಟಾಗಿ ಜೀವಕ್ಕೆ ಅಪಾಯವಾಗಬಹುದು. ಪ್ರಮಾಣವನ್ನು ಹಂತಹಂತವಾಗಿ ಇಳಿಸಿದಾಗ ಮೊದಲು ಪಿಟ್ಯುಟರಿಯ ಎಸಿಟಿಎಚ್ ಮರಳುತ್ತದೆ, ಅದರ ಹಿಂದೆ ಕಾರ್ಟೆಕ್ಸ್ ನಿಧಾನವಾಗಿ ಎಚ್ಚರಗೊಳ್ಳುತ್ತದೆ. ಕೆಲವರಿಗೆ ಇದಕ್ಕೆ ತಿಂಗಳುಗಳು, ಕೆಲವರಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಕೊನೆಯ ಹಂತದಲ್ಲಿ, ಹಿಂದಿನ ಗುಳಿಗೆ ತೆಗೆದುಕೊಂಡು 24 ಗಂಟೆ ಕಳೆದ ಮೇಲೆ, ಬೆಳಗ್ಗೆ 8ರ ಕಾರ್ಟಿಸಾಲ್ ನೋಡಿ ನಿಲ್ಲಿಸಬಹುದೇ ಎಂದು ವೈದ್ಯರು ತೀರ್ಮಾನಿಸುತ್ತಾರೆ. ಈ ನಡುವೆ ತಂದೆಯವರಿಗೆ ಜ್ವರ ಬಂದರೆ, ಶಸ್ತ್ರಚಿಕಿತ್ಸೆಯಾಗಬೇಕಾಗಿ ಬಂದರೆ, ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಷ್ಟು ವಾಂತಿಯಾದರೆ, ಯಾವ ಆಸ್ಪತ್ರೆಗೆ ಹೋದರೂ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದರೆಂಬುದನ್ನು ಮೊದಲ ಮಾತಿನಲ್ಲೇ ಹೇಳಿ.